ನಮಸ್ಕಾರದಾಕಿಯ ಉಡಿ

ಹುಣಸಿಗುಂಡದಲ್ಲಿ ಏನು ಕೆಟ್ಟರೂ ಅದಕ್ಕೆ ಮಾನಮ್ಮನೇ ಕಾರಣ ಎಂಬುದು ಎಂಟು ವರ್ಷಗಳಿಂದ ನಡೆದುಬಂದ ಮಾತು. ಎಮ್ಮೆ ಹಾಲು ಇಳಿಸದಿದ್ದರೆ ಮಾನಮ್ಮ. ಕಲ್ಲೂರಿನಿಂದ ಬರುತ್ತಿದ್ದ ಒಂದೇ ಒಂದು ಬಸ್ಸು ಹಳ್ಳದ ಆಚೆಯಿಂದಲೇ ತಿರುಗಿ ಹೋಗತೊಡಗಿದಾಗ ಮಾನಮ್ಮ. ಶರಣಯ್ಯ ಮಾಸ್ತರರ ನೆತ್ತಿ ನಲವತ್ತಕ್ಕೇ ಬೋಳಾದದ್ದಕ್ಕೂ, ಅವರ ಹೆಂಡತಿ ಹೇಳುವ ಪ್ರಕಾರ, ಮಾನಮ್ಮನೇ. ಕೇಳಿ ಕೇಳಿ ಮಾನಮ್ಮನಿಗೂ ಅರ್ಧ ನಂಬಿಕೆ ಬಂದಿತ್ತು. ಹಂಚಿನ ಮೇಲೆ ರೊಟ್ಟಿ ಸೀದರೆ ತಾನೇ ಹಣೆ ಬಡಿದುಕೊಂಡು, "ಆ ಉಡಿ ತಪ್ಪಿದ ಗಳಿಗಿ ನೋಡು" ಅನ್ನುತ್ತಿದ್ದಳು.

ತಪ್ಪಿದ್ದು ಯಾರ ಉಡಿ ಎಂದರೆ, ಟೀವಿಯಲ್ಲಿ ಬರುತ್ತಿದ್ದ ಒಬ್ಬ ಹುಡುಗಿಯದು.

ಎಪ್ಪತ್ತೈದನೆಯ ಇಸವಿಯ ಮಳೆಗಾಲದಲ್ಲಿ ಹುಣಸಿಗುಂಡದ ಶಾಲೆಗೆ ಒಂದು ಜೀಪು ಬಂತು. ಜೀಪಿನಲ್ಲಿ ಬಂದವರು ಶಾಲೆಯ ಮಾಳಿಗೆಯ ಮೇಲೆ ಕೋಳಿಗೂಡಿಗೆ ಹಾಕುವಂಥ ತಂತಿಜಾಳಿಗೆಯ ಭಾರಿ ಬುಟ್ಟಿಯೊಂದನ್ನು ಆಕಾಶಕ್ಕೆ ಬಾಯಿ ಮಾಡಿ ನಿಲ್ಲಿಸಿದರು. ಪಡಸಾಲೆಯಲ್ಲಿ ಬೀಗವಿರುವ ಮರದ ಪೆಟ್ಟಿಗೆ ಇಟ್ಟರು. ಪೆಟ್ಟಿಗೆಯೊಳಗೆ ಟೀವಿ. ಆಕಾಶದಲ್ಲಿ ಸರಕಾರದ ಒಂದು ಉಪಗ್ರಹ ನಿಂತಿದೆ, ಅದು ಚಿತ್ರ ಕಳಿಸುತ್ತದೆ, ಬುಟ್ಟಿ ಹಿಡಿದುಕೊಳ್ಳುತ್ತದೆ ಎಂದು ಶರಣಯ್ಯ ಮಾಸ್ತರರು ಊರಿಗೆ ವಿವರಿಸಿದರು.

"ಅಷ್ಟು ತೂತು ಇರೋ ಬುಟ್ಟ್ಯಾಗ ಚಿತ್ರ ನಿಂದರತಾವೇನ್ರಿ? ಸೋರಿ ಹೋಗಲ್ಲೇನು?" ಎಂದು ಕೇಳಿದವಳು ಮೂಕಮ್ಮ. ಆಕೆಗೆ ಹೆಸರಿಟ್ಟವರು ಕೂಸಿನ ಬಾಯಿ ತೆರೆದು ನೋಡಿರಲಿಲ್ಲ. ಕೇರಿಯಲ್ಲಿ ಯಾರ ಉಡಿ ತುಂಬಬೇಕಾದರೂ ಮೊದಲ ಹಿಡಿ ಅಕ್ಕಿ ಮೂಕಮ್ಮನ ಕೈಯಿಂದಲೇ ಬೀಳಬೇಕು. ಅಂಥ ಹಿರಿಯ ಮುತ್ತೈದೆ. ಗಂಡ ಕಿವುಡನಾದ್ದರಿಂದ ಮುತ್ತೈದೆತನ ಇನ್ನೂ ಗಟ್ಟಿಯಾಗಿತ್ತು.

ಮಾನಮ್ಮ ಆ ಶಾಲೆಯ ಕಸ ಹೊಡೆದು ನೀರು ತುಂಬುವ ಕೆಲಸದವಳು. ಗಂಡ ತಾಯಣ್ಣ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ಒಂಬತ್ತು ವರ್ಷದ ಮಗಳು ಗೋಪಮ್ಮ. ಟೀವಿ ಬಂದಮೇಲೆ ಮಾನಮ್ಮನಿಗೆ ಸಂಜೆಯ ಕೆಲಸವೊಂದು ಹೆಚ್ಚಾಯಿತು. ಹೊತ್ತು ಇಳಿಯುವ ಮುಂಚೆ ಅಂಗಳಕ್ಕೆ ನೀರು ಚಿಮುಕಿಸಿ ಧೂಳು ಕೂಡಿಸಬೇಕು. ಕಟ್ಟೆಯ ಮೇಲೆ ಒಕ್ಕಲಿಗರ ಮನೆಯ ಹೆಂಗಸರು ಕೂಡುತ್ತಿದ್ದರು. ಆಚೆ ಬೇವಿನ ಗಿಡದ ಕೆಳಗೆ ಮಾನಮ್ಮನ ಕೇರಿಯವರು. ಮಾಸ್ತರರು ಬೀಗ ತೆಗೆದು, ಹುಡುಗರ ಕಿವಿ ಹಿಂಡುವ ಅದೇ ಬೆರಳುಗಳಿಂದ ಗುಂಡಿ ತಿರುಗಿಸಿದರೆ ಪೆಟ್ಟಿಗೆಯಲ್ಲಿ ಬೆಳಕು ಹುಟ್ಟಿ, ಆ ಬೆಳಕಿನಲ್ಲಿ ಒಬ್ಬ ಹುಡುಗಿ ಕೈಮುಗಿದು "ನಮಸ್ಕಾರ" ಅನ್ನುತ್ತಿದ್ದಳು.

ಮೊದಲ ದಿನ ಮಾನಮ್ಮ ಹಿಂದೆ ತಿರುಗಿ ನೋಡಿದ್ದಳು. ಯಾರಿಗೆ ಕೈಮುಗಿದಳೋ ಎಂದು. ಹಿಂದೆ ಬೇವಿನ ಗಿಡ ಬಿಟ್ಟರೆ ಯಾರೂ ಇರಲಿಲ್ಲ.

ಅಲ್ಲಿಯವರೆಗೆ ಮಾನಮ್ಮನಿಗೆ ಕೈಮುಗಿದವರು ವೋಟು ಕೇಳಲು ಬಂದವರು ಮಾತ್ರ, ಅದೂ ಐದು ವರ್ಷಕ್ಕೊಮ್ಮೆ, ಕಣ್ಣು ಬೇರೆ ಕಡೆ ಇಟ್ಟುಕೊಂಡು. ಈ ಹುಡುಗಿ ದಿನಾ ಮುಗಿಯುತ್ತಿದ್ದಳು, ಕಣ್ಣಲ್ಲಿ ಕಣ್ಣಿಟ್ಟು. ಕಟ್ಟೆಗೊಂದು ನಮಸ್ಕಾರ, ಬೇವಿನ ಗಿಡಕ್ಕೊಂದು ನಮಸ್ಕಾರ ಎಂದು ಎರಡು ಬಗೆ ಮಾಡುತ್ತಿರಲಿಲ್ಲ. ಮೂರನೆಯ ದಿನದಿಂದ ಮಾನಮ್ಮ ಎದ್ದು ನಿಂತು, "ನಮಸ್ಕಾರವ್ವಾ ತಂಗಿ, ಬಾ. ಉಂಡಿಯೇನು?" ಎಂದು ಉತ್ತರ ಕೊಡತೊಡಗಿದಳು. ವಾರದೊಳಗೆ ಅಂಗಳವೆಲ್ಲ ಎದ್ದು ನಿಲ್ಲುತ್ತಿತ್ತು. ಹುಡುಗಿಯ ಹೆಸರು ಯಾರಿಗೂ ತಿಳಿಯಲಿಲ್ಲ. ಎಲ್ಲರಿಗೂ ಆಕೆ ನಮಸ್ಕಾರದಾಕಿ.

ನಮಸ್ಕಾರದಾಕಿ ಗೊಬ್ಬರದ ವಿಷಯ ಹೇಳುತ್ತಿದ್ದಳು, ಕೂಸಿಗೆ ಬೇಳೆಕಟ್ಟು ಕುಡಿಸುವುದನ್ನು ಹೇಳುತ್ತಿದ್ದಳು. ಗೊಬ್ಬರ ಯಾರ ತಲೆಗೂ ಹೋಗಲಿಲ್ಲ. ಆಕೆಯ ಒಂದು ಕೈಗೆ ಬಳೆ ಇಲ್ಲದ್ದು ಮಾತ್ರ ಎಲ್ಲರ ಕಣ್ಣಿಗೆ ಬಿತ್ತು. ಆ ಕೈಗೆ ಗಡಿಯಾರವಿತ್ತು. "ಬಳಿ ಕೊಡಿಸೋರು ಇಲ್ಲೇನೋ ಪಾಪ" ಎಂದರು. ಒಮ್ಮೆ ಆಕೆ ಕೆಮ್ಮಿದ ಮರುದಿನ ಮಾನಮ್ಮ ತುಳಸಿ ಕಷಾಯ ಕಾಸಿ ತಂದು ಪೆಟ್ಟಿಗೆಯ ಮುಂದಿಟ್ಟಳು. ಮಾಸ್ತರರು ಬೇಡವೆನ್ನಲಾರದೆ ತಾವೇ ಕುಡಿದರು.

ಎಲ್ಲಕ್ಕಿಂತ ದೊಡ್ಡ ಜಗಳ ಸೀರೆಯದು. ಟೀವಿಯಲ್ಲಿ ಬಣ್ಣವಿಲ್ಲ, ಎಲ್ಲ ಬೂದಿ ಮತ್ತು ಸುಣ್ಣ. ಆಕೆ ಹೆಚ್ಚಾಗಿ ಉಡುತ್ತಿದ್ದ ಗೀರಂಚಿನ ಸೀರೆ ಯಾವ ಬಣ್ಣದ್ದು?

"ಹಸರು," ಅಂದಳು ಮೂಕಮ್ಮ. "ಆ ಕಳೀ ನೋಡು. ಹಸರ ಸೀರಿ ಉಟ್ಟಾಕಿ ಮಾರಿ ಮ್ಯಾಲ ಆ ಕಳೀ ಬರೋದು."

"ಕೆಂಪು ಬೇ," ಅಂದಳು ಮಾನಮ್ಮ. "ಕೆಂಪಿಲ್ಲದ ಆಪರಿ ಕಪ್ಪ ಕಾಣತದೇನು?"

"ನಿನ್ನ ಕಣ್ಣಾಗ ಶಾಲಿ ಧೂಳು ಕುಂತದ."

"ನಿನ್ನ ಕಣ್ಣಾಗ ಹೂವು ಬಿದ್ದದ."

ಹೀಗೆ ಒಂದು ವರ್ಷ ಕಳೆಯಿತು. ಮರುವರ್ಷದ ಜುಲೈಯಲ್ಲಿ ನಮಸ್ಕಾರದಾಕಿ ದಿನವೂ ಒಂದು ಮಾತು ಹೇಳತೊಡಗಿದಳು. ಮೂವತ್ತೊಂದಕ್ಕೆ ಈ ಕಾರ್ಯಕ್ರಮಗಳು ಮುಗಿಯುತ್ತವೆ, ಉಪಗ್ರಹ ಬೇರೆ ಕಡೆ ಹೋಗುತ್ತದೆ. ಊರಿಗೆ ಅರ್ಥವಾದದ್ದು ಇಷ್ಟು: ಹುಡುಗಿ ಹೊರಟಿದ್ದಾಳೆ. ಒಂದು ವರ್ಷ ಮನೆಮಗಳಂತೆ ಬಂದುಹೋದವಳನ್ನು ಬರಿ ಉಡಿಯಲ್ಲಿ ಕಳಿಸುವುದುಂಟೇ? ಎರಡೂ ಕೇರಿಯ ಹೆಂಗಸರು ಸೇರಿ ಉಡಿಯ ಸಾಮಾನು ಕೂಡಿಸಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು. ಮಾನಮ್ಮ ತವರೂರು ದೇವದುರ್ಗಕ್ಕೆ ಹೋಗಿ, ಸಂತೆಯಲ್ಲಿ ಹನ್ನೊಂದು ಅಂಗಡಿ ಹತ್ತಿಳಿದು ಕುಪ್ಪಸದ ಖಣ ತಂದಳು. ಕೆಂಪು ಖಣ. ಮೂಕಮ್ಮ ಅದನ್ನು ನೋಡಿ ಮೂಗು ಮುರಿದಳು.

ಮೂವತ್ತೊಂದು ಶನಿವಾರ ಬಿತ್ತು.

ಎಲ್ಲರೂ ತಟ್ಟೆ ಹಿಡಿದು ಅಂಗಳಕ್ಕೆ ಬಂದಾಗ ತಡೆದವಳು ಮಾನಮ್ಮ. "ಶನಿವಾರ ಮಗಳ ಉಡಿ ತುಂಬಿ ಕಳಸ್ತಾರೇನ್ರೇ? ನಾಳಿ ತುಂಬೂಣು."

"ಆಕಿ ಇವತ್ತ ಹೊಂಟಾಳಂತಲ್ಲ," ಎಂದರು ಯಾರೋ.

"ಹೇಳ್ತಾರ. ಯಾವ ಮಗಳು ತವರಿನಿಂದ ಹೇಳಿದ ದಿನಾನ ಹೋಗ್ಯಾಳ? ಗಂಟು ಕಟ್ತಾರ, ಅಗಸಿ ತನಾ ಹೋಗ್ತಾರ, ಇವತ್ತೊಂದಿನ ಇರು ಅಂತ ತಿರುಗಿ ಕರಕೊಂಡು ಬರ್ತೀವಿ. ನಾನು ದೇವದುರ್ಗದಿಂದ ಹೊಂಟಾಗೆಲ್ಲ ಮೂರು ದಿನ ಹೊಂಟೀನಿ."

ಮಾತು ಖರೆ. ಆ ಸೀಮೆಯಲ್ಲಿ ಹೊರಟ ಮಗಳನ್ನು ಒಂದು ದಿನವಾದರೂ ನಿಲ್ಲಿಸಿಕೊಳ್ಳದಿದ್ದರೆ ತವರಿನವರಿಗೆ ಅಕ್ಕರೆಯಿಲ್ಲ ಎಂದಾಗುತ್ತದೆ. ಅಂಗಳದಲ್ಲಿದ್ದ ಎಪ್ಪತ್ತು ಮಂದಿಯೂ ಗೋಣು ಹಾಕಿದರು, ಮೂಕಮ್ಮನೂ ಹಾಕಿದಳು. ನಮಸ್ಕಾರದಾಕಿ ಕೊನೆಯ ನಮಸ್ಕಾರ ಹೇಳಿ ಮರೆಯಾಗುವಾಗ ಮಾನಮ್ಮ ಎದ್ದು, "ನಾಳಿ ಲಗೂ ಬಾ ತಂಗಿ, ಕೆಲಸ ಅದ" ಅಂದಳು.

ಭಾನುವಾರ ಸಂಜೆ ಊರಿಗೂರೇ ಅಂಗಳದಲ್ಲಿತ್ತು. ಮಾಸ್ತರರು ಗುಂಡಿ ತಿರುಗಿಸಿದರು. ಪೆಟ್ಟಿಗೆಯಲ್ಲಿ ಬಿಳಿ ಚುಕ್ಕೆಗಳು ಮುಸುರಿದವು, ಬಾಣಲೆಯಲ್ಲಿ ಜೋಳ ಹುರಿದಂಥ ಸದ್ದು. "ಬರಾಕತ್ಯಾಳ, ದಾರ್ಯಾಗದಾಳ," ಅಂದಳು ಮಾನಮ್ಮ. ಎಲ್ಲರೂ ಕಾದರು. ಜೋಳ ಹುರಿಯುತ್ತಲೇ ಇತ್ತು. ಎಲ್ಲ ತಿಳಿದಿದ್ದ ಶರಣಯ್ಯ ಮಾಸ್ತರರೂ ಆರಿಸಲು ಕೈಬಾರದೆ ಒಂದು ತಾಸು ಗುಂಡಿಯನ್ನು ಆಚೆ ಈಚೆ ತಿರುಗಿಸುತ್ತ ಕೂತರು. ಆಮೇಲೆ ಒಬ್ಬೊಬ್ಬರೇ ತಟ್ಟೆಗೆ ಸೆರಗು ಮುಚ್ಚಿಕೊಂಡು ಎದ್ದುಹೋದರು. ಮಾನಮ್ಮನ ಜೊತೆ ಯಾರೂ ಮಾತಾಡಲಿಲ್ಲ.

ಮಾತು ಮರುದಿನ ಶುರುವಾಯಿತು. ಗೋಣು ಹಾಕಿದವರು ಎಪ್ಪತ್ತು ಮಂದಿ, ಬೈಸಿಕೊಂಡವಳು ಒಬ್ಬಳೇ.

ಕೆಲವು ತಿಂಗಳ ಮೇಲೆ ಜೀಪು ಬಂದು ಟೀವಿ ಪೆಟ್ಟಿಗೆಯನ್ನು ಹೇರಿಕೊಂಡು ಹೋಯಿತು. ಜಾಳಿಗೆಯ ಬುಟ್ಟಿಯನ್ನು ಮಾತ್ರ ಬಿಟ್ಟುಹೋದರು. ಅದು ಮಳೆಗಾಳಿಗೆ ಕೆಳಗೆ ಬಿದ್ದಾಗ ಮೂಕಮ್ಮ ಹೊತ್ತುಕೊಂಡು ಹೋಗಿ ಕೋಳಿಗಳ ಮೇಲೆ ಮುಚ್ಚಿದಳು. ಆಕಾಶದಿಂದ ಚಿತ್ರ ಹಿಡಿದ ಬುಟ್ಟಿಯ ಕೆಳಗೆ ಕೂತ ಕೋಳಿಗಳು ಮೊಟ್ಟೆ ಇಡದಿದ್ದರೆ, ಅದಕ್ಕೂ ಮಾನಮ್ಮ.

ಎಂಟು ವರ್ಷ ಇದೆಲ್ಲ ನಗೆಯಲ್ಲಿ ನಡೆಯಿತು. ಮಾನಮ್ಮ ಕೆಂಪು ಖಣವನ್ನು ಬೇವಿನೆಲೆ ಹಾಕಿ ಟ್ರಂಕಿನ ತಳದಲ್ಲಿಟ್ಟಿದ್ದಳು. ಗೋಪಮ್ಮನ ಮದುವೆಯಲ್ಲಿ ಅವಳು ಕಾಡಿ ಕೇಳಿದರೂ ಕೊಡಲಿಲ್ಲ. "ಅದು ನಿಮ್ಮ ಚಿಗವ್ವಂದು," ಅಂದಳು, ಟೀವಿಯ ತಂಗಿಯನ್ನು ನೆನೆದು.

ನಗೆ ನಿಂತದ್ದು ಗೋಪಮ್ಮ ಬಸುರಾದಾಗ. ಅಳಿಯ ಶಕ್ತಿನಗರದಲ್ಲಿ ಕಟ್ಟುತ್ತಿದ್ದ ಕರೆಂಟಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದ. ಏಳನೆಯ ತಿಂಗಳಿಗೆ ಗೋಪಮ್ಮನನ್ನು ತವರಿಗೆ ಕರೆತಂದು ಕುಬಸ ಮಾಡಬೇಕು. ಚೊಚ್ಚಲು ಬಸುರಿಗೆ ಹೊಸ ಸೀರೆ ಉಡಿಸಿ, ಐವರು ಮುತ್ತೈದೆಯರು ಉಡಿ ತುಂಬಬೇಕು. ಮಾನಮ್ಮ ಅರಿಶಿಣ ಕುಂಕುಮ ಹಿಡಿದು ಮೂಕಮ್ಮನ ಬಾಗಿಲಿಗೆ ಹೋದಳು. ಮೂಕಮ್ಮ ಕುಂಕುಮ ಹಚ್ಚಿಸಿಕೊಳ್ಳಲಿಲ್ಲ.

"ಒಬ್ಬ ಮಗಳನ್ನ ಬರಿ ಉಡೀಲೆ ಕಳಿಸೀದಿ. ಆ ಉಡಿ ತುಂಬದ ನಿನ್ನ ಮಗಳ ಉಡಿ ಹ್ಯಾಂಗ ತುಂಬ್ಲಿ? ಚೊಚ್ಚಲ ಬಸರಿ ಅದಾಳ. ಹೆಚ್ಚುಕಮ್ಮಿ ಆದ್ರ ಯಾರು ಹೊಣಿ?"

"ಹಂಗನಬ್ಯಾಡ ಬೇ. ಆಕಿ ಎಲ್ಲದಾಳಂತ ಹುಡುಕಲಿ?"

"ಅದನ್ನ ಕಳಸುವಾಗ ಕೇಳಬೇಕಿತ್ತು. ಮದಲ ಆಕಿ ಉಡಿ ತುಂಬು. ಆಕಿ ತಿರುಗಿ ಕೊಟ್ಟ ಹಿಡಿ ಅಕ್ಕಿ ತಂದು ನನ್ನ ಕಣ್ಣಿಗೆ ತೋರಸು. ಮದಲನೇ ಹಿಡಿ ನಾನ ಹಾಕ್ತೀನಿ."

ಉಡಿ ತುಂಬಿಸಿಕೊಂಡವಳು ಅದರಲ್ಲಿ ಒಂದು ಹಿಡಿ ಅಕ್ಕಿಯನ್ನು ತುಂಬಿದವಳಿಗೆ ತಿರುಗಿ ಕೊಡಬೇಕು. ಅದು ಪದ್ಧತಿ. ಮೂಕಮ್ಮ ಹಿಂದೆಗೆದರೆ ಕೇರಿಯ ಉಳಿದವರೂ ಹಿಂದೆಗೆದಂತೆ. ಮಾನಮ್ಮ ಮನೆಗೆ ಬಂದು ಒಲೆಯ ಮುಂದೆ ಕೂತಳು. ತಾಯಣ್ಣ ಬೀಡಿ ಆರಿಸಿ, "ಆಕಿ ಮಾತು ಬಿಡು. ಐದು ಮಂದಿ ಹೆಣ್ಣುಮಕ್ಕಳು ಬರದಿದ್ರ ಗಿರಣ್ಯಾಗಿನ ಐದು ಮಂದಿ ಹಮಾಲರನ್ನ ಕರಕೊಂಡು ಬರ್ತೀನಿ. ಅಕ್ಕಿ ತುಂಬೂದು ಅವ್ರಿಗೂ ಬರ್ತದ" ಅಂದ. ಮಾನಮ್ಮನಿಗೆ ನಗೆ ಬರಲಿಲ್ಲ. ಅದು ಬರದ್ದನ್ನು ನೋಡಿ ತಾಯಣ್ಣ ಆರಿಸಿದ ಬೀಡಿಯನ್ನೇ ಮತ್ತೆ ಹಚ್ಚಿದ.

ಆ ವಾರದಲ್ಲೇ ಶರಣಯ್ಯ ಮಾಸ್ತರರು ಪೇಪರು ಹಿಡಿದು ಶಾಲೆಯ ಅಂಗಳಕ್ಕೆ ಬಂದರು. "ಮಾನಮ್ಮಾ, ಕೇಳಿದೇನು? ರಾಯಚೂರಾಗ ಟೀವಿ ಸ್ಟೇಷನ್ ಸುರು ಆಗಾಕತ್ತದ. ದೂರದರ್ಶನದ್ದು. ಇನ್ನ ಆಕಾಶದ ಹಂಗಿಲ್ಲ, ರಾಯಚೂರಿಂದನ ಬರ್ತದ. ಬಣ್ಣದ್ದು ಬ್ಯಾರೆ."

ಮಾನಮ್ಮನ ಕೈಯಿಂದ ಕಸಬರಿಗೆ ಬಿತ್ತು. "ರಾಯಚೂರಾಗ? ಆಕಿ ರಾಯಚೂರಿಗೆ ಬಂದಾಳ?"

"ಆಕಿ ಅಲ್ಲವಾ, ಅದು ಮರುಪ್ರಸಾರ. ದಿಲ್ಲೀದನ್ನ ಇಲ್ಲಿ ಹಿಡಿದು..." ಮಾಸ್ತರರು ವಿವರಿಸುತ್ತಲೇ ಇದ್ದರು. ಮಾನಮ್ಮ ಕೇಳಿಸಿಕೊಂಡದ್ದು ರಾಯಚೂರು ಎಂಬ ಒಂದೇ ಮಾತು. ಕೇಂದ್ರ ಶುರುವಾಗುವ ದಿನ ಯಾವುದೆಂದು ಕೇಳಿ ಬೆರಳು ಎಣಿಸಿದಳು. ವಾರ ಯಾವುದೆಂದು ಮಾತ್ರ ಕೇಳುವುದನ್ನು ಮರೆತಳು.

ಆ ದಿನ ನಸುಕಿನಲ್ಲಿ ಮಾನಮ್ಮ ಕಲ್ಲೂರಿಗೆ ನಡೆದು ಬಸ್ಸು ಹತ್ತಿದಳು. ಸೊಂಟಕ್ಕೆ ಬಿಗಿದ ಗಂಟಿನಲ್ಲಿ ತಾಯಣ್ಣ ತಂದ ಸಣ್ಣಕ್ಕಿ, ಹೊಸ ಕೊಬ್ಬರಿ, ಹಳೆಯ ಖಣ. ಬಳೆಯಿಲ್ಲದ ಕೈಯ ನೆನಪಾಗಿ ಒಂದು ಡಜನ್ ಗಾಜಿನ ಬಳೆಯನ್ನೂ ಕಟ್ಟಿಕೊಂಡಿದ್ದಳು. ರಾಯಚೂರಿನಲ್ಲಿ ಟೀವಿ ಸ್ಟೇಷನ್ ಎಲ್ಲಿ ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಊರ ಹೊರಗೆ, ಗುಡ್ಡಗಳಿಗೆ ಪೈಪೋಟಿ ಹೂಡಿ ಒಂದು ಕಬ್ಬಿಣದ ಕಂಬ ನಿಂತಿತ್ತು. ಬುಡದಲ್ಲಿ ಸುಣ್ಣ ಬಳಿದ ಎರಡು ಕೋಣೆ, ಮುಂದೆ ಶಾಮಿಯಾನ, ಗೇಟಿಗೊಬ್ಬ ಕಾವಲುಗಾರ. ಹೆಸರು ಹಂಪಯ್ಯ. ಸಮಾರಂಭಕ್ಕೆಂದು ಹೊಸ ಖಾಕಿ ಕೊಟ್ಟಿದ್ದರು. ಕೂತರೆ ಇಸ್ತ್ರಿ ಮುರಿಯುತ್ತದೆಂದು ಬೆಳಗಿನಿಂದ ಕೂತಿರಲಿಲ್ಲ.

"ಯಾರು ಬೇಕವಾ?"

"ನಮಸ್ಕಾರದಾಕಿ."

"ಯಾರು?"

"ಕೈ ಮುಗೀತಾಳಲ್ಲ ಯಪ್ಪಾ, ಟೀವ್ಯಾಗ. ಹುಣಸಿಗುಂಡದಿಂದ ಬಂದಾರಂತ ಹೇಳು, ಓಡಿ ಬರ್ತಾಳ."

ಹಂಪಯ್ಯ ಕೋಣೆಗಳ ಕಡೆ ನೋಡಿ, ಈಕೆಯ ಕಡೆ ನೋಡಿ ಹೇಳಿದ. "ನೋಡವಾ, ಈ ಮನ್ಯಾಗ ಎರಡು ಮಷೀನು ಅದಾವ, ಒಂದು ಜನರೇಟರ್ ಅದ, ಒಬ್ಬ ಎಂಜಿನಿಯರ್ ಸಾಹೇಬ ಅದಾನ. ಹೆಣ್ಣುಮಗಳು ಅಂದ್ರ ಒಂದು ಬೆಕ್ಕು ಅದ. ಅದು ಮೊನ್ನೆ ಈದದ, ಯಾರಿಗೂ ಕೈ ಮುಗಿಯೋ ಸ್ಥಿತ್ಯಾಗಿಲ್ಲ."

"ಚಾಷ್ಟಿ ಮಾಡಬ್ಯಾಡ. ಸಂಜಿಗೆ ಬರ್ತಾಳಲ್ಲ?"

"ಸಂಜಿಗೆ ದೊಡ್ಡ ಸಾಹೇಬ್ರು ಬರ್ತಾರ."

"ಅವ್ರು ಬರ್ತಾರಂದ್ರ ಆಕೀನೂ ಬರ್ತಾಳ. ಕೈ ಮುಗೀಲಿಕ್ಕೆ ಯಾರರ ಬೇಕಲ್ಲ." ಮಾನಮ್ಮ ಗೇಟಿನ ನೆರಳಿಗೆ ಕೂತಳು.

ಮಧ್ಯಾಹ್ನ ದಾಟಿದ ಮೇಲೆ ಸುಂಟರಗಾಳಿಯೊಂದು ಬಯಲಿನ ಕೆಂಧೂಳನ್ನೆಲ್ಲ ಹೊತ್ತು ತಂದು ಶಾಮಿಯಾನದಲ್ಲಿ ಕೊಡವಿಹೋಯಿತು. ಬಿಳಿ ಹೊದಿಕೆಯ ಕುರ್ಚಿಗಳೆಲ್ಲ ಕಾವಿ ತೊಟ್ಟವು. ದೊಡ್ಡ ಸಾಹೇಬರ ಜೀಪು ಬರಲು ಅರ್ಧ ತಾಸು. ಒಳಗಿನಿಂದ ಎಂಜಿನಿಯರ್ ವಲಿ ಪಾಷಾ ಓಡಿಬಂದ. ಮಾನ್ವಿಯ ಹುಡುಗ, ಹೊಸ ಕೆಲಸ, ಕುತ್ತಿಗೆಗೆ ರೂಢಿಯಿಲ್ಲದ ಟೈ. "ಹಂಪಯ್ಯಾ, ಕಸ ಹೊಡೆಯೋನು ಎಲ್ಲಿ?" ಅವನು ಊಟಕ್ಕೆ ಹೋದವನು ಬಂದಿರಲಿಲ್ಲ.

ಮಾನಮ್ಮ ಎದ್ದಳು. "ಕಸಬರಗಿ ಎಲ್ಲದ ಹೇಳ್ರಿ."

ಹದಿನಾಲ್ಕು ವರ್ಷ ಶಾಲೆ ಗುಡಿಸಿದ ಕೈ. ನೀರು ಚಿಮುಕಿಸಿ ಧೂಳು ಕೂಡಿಸಿ, ಕುರ್ಚಿ ಕೊಡವಿ, ಜೀಪಿನ ಹಾರ್ನ್ ಕೇಳುವಷ್ಟರಲ್ಲಿ ಅಂಗಳ ತೊಳೆದಿಟ್ಟ ತಾಟಿನಂತಾಯಿತು. ವಲಿ ಪಾಷಾ ಬೆವರೊರೆಸಿಕೊಂಡು, "ಅಲ್ಲೇ ಮೂಲ್ಯಾಗ ನಿಂದರು ಅಕ್ಕಾ, ಮತ್ತೆ ಗಾಳಿ ಬಂದ್ರ ಬೇಕಾಗ್ತದ" ಅಂದ. ಹೀಗೆ ಮಾನಮ್ಮ ಸಮಾರಂಭದ ಒಳಗಾದಳು.

ಮೇಜಿನ ಮೇಲೆ ಬಣ್ಣದ ಟೀವಿ. ಅದಕ್ಕೆ ಹೊದಿಸಿದ್ದ ನೀಲಿ ಮಖಮಲ್ಲಿನ ಗವಸಿಗೆ ಬಂಗಾರ ಬಣ್ಣದ ಜರಿಯಂಚು. ದೊಡ್ಡ ಸಾಹೇಬರು ಗವಸು ಎತ್ತಿದರು, ಚಪ್ಪಾಳೆ ಬಿತ್ತು. ಗುಂಡಿ ಒತ್ತಿದರು.

ಜೋಳ ಹುರಿಯುವ ಸದ್ದು.

ಶಾಮಿಯಾನದಲ್ಲಿ ಆ ಸದ್ದಿನ ಗುರುತಿದ್ದವಳು ಮಾನಮ್ಮ ಒಬ್ಬಳೇ. "ಯಪ್ಪಾ! ಇವತ್ತೂ ಹೋದಳೇನು?" ಎಂದು ಕೂಗಿಯೇಬಿಟ್ಟಳು. ಕುರ್ಚಿಗಳೆಲ್ಲ ತಿರುಗಿದವು. ವಲಿ ಪಾಷಾ ಟೈ ಹಾರಿಸಿಕೊಂಡು ಕೋಣೆಯೊಳಗೆ ಓಡಿದ. ಒಳಗೆ ಏನನ್ನೋ ಒತ್ತಿದ, ಏನನ್ನೋ ಎಳೆದ. ಚುಕ್ಕೆಗಳು ಅದುರಿ, ಅಡ್ಡಗೆರೆಗಳಾಗಿ, ಬಣ್ಣವಾಗಿ ಕೂಡಿಕೊಂಡವು. ಬಣ್ಣದ ನಡುವೆ ಒಬ್ಬಳು ಕೂತಿದ್ದಳು. ಹಣ್ಣು ಮೆಣಸಿನಕಾಯಿಯಷ್ಟು ಕೆಂಪಾದ ಸೀರೆ. ಕೈಮುಗಿದು "ನಮಸ್ಕಾರ್" ಅಂದಳು, ಮಾತಿನ ತುದಿ ಕತ್ತರಿಸಿದಂತೆ.

ಮಾನಮ್ಮ ರೂಢಿಯ ಬಲದಿಂದ ಕೈಮುಗಿದಳು. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದಳು. ಈಕೆ ಬೇರೆ. ಮೂಗು ಬೇರೆ, ನಗೆ ಬೇರೆ, ಮಾತು ಹಿಂದಿ. ಎರಡೂ ಕೈಗೆ ಬಳೆ.

ಅತಿಥಿಗಳು ಚಹಾಕ್ಕೆ ಎದ್ದಾಗ ವಲಿ ಪಾಷಾ ಬಂದು ನೋಡಿದ. ಕಸ ಗುಡಿಸಿದ ಹೆಂಗಸು ಟೀವಿಯ ಎದುರು ನೆಲದ ಮೇಲೆ ಕೂತು, ಗಂಟು ಬಿಚ್ಚಿ ಅಕ್ಕಿ ನೋಡುತ್ತ ಅಳುತ್ತಿದ್ದಳು.

"ಏನಾಯ್ತಕ್ಕಾ?"

ಮಾನಮ್ಮ ಹೇಳಿದಳು. ಶನಿವಾರ, ಭಾನುವಾರ, ಕಷಾಯ, ಕೋಳಿಬುಟ್ಟಿ, ಗೋಪಮ್ಮನ ಕುಬಸ, ಮೂಕಮ್ಮನ ಮಾತು, ಎಲ್ಲ. ವಲಿ ಪಾಷಾ ನಗಲು ಬಾಯಿ ತೆರೆದವನು ಕುಬಸ ಬಂದಾಗ ಮುಚ್ಚಿಕೊಂಡ. ಆತನ ತಾಯಿ ಹಸೀನಾ ಬೇಗಂ ಬಸುರಿದ್ದಾಗ ಪಕ್ಕದ ಮನೆಯ ಬಸವಂತಮ್ಮ ಬಂದು ಉಡಿ ತುಂಬಿದ್ದಳಂತೆ. ಆ ಉಡಿಯಿಂದಲೇ ನೀನು ಗುಂಡಗೆ ಹುಟ್ಟಿದ್ದು ಎಂದು ತಾಯಿ ಇಂದಿಗೂ ಹೇಳುತ್ತಿದ್ದಳು.

"ಅಕ್ಕಾ, ಆಗ ಓದ್ತಿದ್ದಾಕಿ ಎಲ್ಲದಾಳೋ ನಮಗ ಗೊತ್ತಿಲ್ಲ. ಇಲ್ಲಿ ಯಾರೂ ಕೂತು ಓದೂದಿಲ್ಲ. ಎಲ್ಲ ದಿಲ್ಲಿಯಿಂದ ಬರ್ತದ. ಆಕಿಗೆ ಮದುವಿ ಆಗಿರಬೇಕು, ಗಂಡನ ಮನ್ಯಾಗ ಇರಬೇಕು."

ಮಾನಮ್ಮ ಕಣ್ಣೊರೆಸಿಕೊಂಡಳು. ಗಂಡನ ಮನೆ ಎಂಬ ಮಾತಿನಿಂದ ಆಕೆಯ ತಲೆ ನೆಟ್ಟಗಾಯಿತು. "ಗಂಡನ ಮನ್ಯಾಗಿದ್ರ ಆಕಿ ಉಡಿ ತವರಿನವ್ರ ಕೈಯಾಗ ಕಳಸಬೇಕಾಗ್ತದ. ಅಣ್ಣನೋ ತಮ್ಮನೋ ಒಯ್ದು ಮುಟ್ಟಸ್ತಾರ. ಆಕಿಯೂ ದೂರದರ್ಶನದಾಕಿ, ನೀನೂ ದೂರದರ್ಶನದಾವ. ಇದ ಆಕಿ ತವರು, ನೀನ ಆಕಿ ತಮ್ಮ."

"ಹಾಂ?"

"ಸೆರಗು ಹಿಡಿ."

"ನನಗೆಲ್ಲಿಂದ ಬರ್ಬೇಕಕ್ಕಾ ಸೆರಗು?"

ಇಬ್ಬರೂ ಒಟ್ಟಿಗೆ ಸುತ್ತ ನೋಡಿದರು. ಕುರ್ಚಿಯ ಮೇಲೆ ನೀಲಿ ಮಖಮಲ್ಲಿನ ಗವಸು ಬಿದ್ದಿತ್ತು. ಜರಿಯಂಚು ಬೆಳಕಿಗೆ ಮಿಂಚುತ್ತಿತ್ತು. ವಲಿ ಪಾಷಾ ಚಹಾದ ಟೇಬಲ್ಲಿನ ಕಡೆ ಒಮ್ಮೆ ನೋಡಿ, ಗವಸನ್ನು ಎರಡೂ ಕೈಯಲ್ಲಿ ಚಾಚಿ ಹಿಡಿದು ಟೀವಿಯ ಪಕ್ಕದಲ್ಲಿ ನಿಂತ. ಮಾನಮ್ಮ ಅಕ್ಕಿ ಎತ್ತಿದಳು. ಎತ್ತಿದ ಕೈ ನಿಂತಿತು.

"ಇವತ್ತು ಯಾವ ವಾರ ತಮ್ಮಾ?"

ಅವನಿಗೆ ಸುಳ್ಳು ಹೊಳೆಯಲಿಲ್ಲ. "ಶನಿವಾರ."

ಮಾನಮ್ಮ ಟೀವಿಯ ಕಡೆ ನೋಡಿದಳು. ಕೆಂಪು ಸೀರೆಯವಳು ಇನ್ನೂ ಮಾತಾಡುತ್ತಿದ್ದಳು. ಯಾವ ಗಳಿಗೆಯಲ್ಲಿ ಕೈಮುಗಿದು ಹೋಗಿಬಿಡುತ್ತಾಳೋ ಯಾರು ಬಲ್ಲರು.

"ಶನಿವಾರ ಅಂತ ಒಮ್ಮೆ ಕಳಕೊಂಡೀನಿ," ಅಂದಳು ಮಾನಮ್ಮ. "ಇನ್ನ ಆ ಶನೀಗೆ ಅಂಜೂದಿಲ್ಲ. ಹಿಡಿ."

ಐದು ಹಿಡಿ ಅಕ್ಕಿ ಬಿತ್ತು. ಕೊಬ್ಬರಿ, ಉತ್ತತ್ತಿ, ಅರಿಶಿಣ ಬೇರು, ಎಂಟು ವರ್ಷ ಬೇವಿನ ವಾಸನೆ ಕುಡಿದ ಖಣ, ಒಂದು ಡಜನ್ ಬಳೆ. ಕಡೆಗೆ ಅರಿಶಿಣ ಕುಂಕುಮವನ್ನು ಟೀವಿಯ ಹಣೆಗೆ ಹಚ್ಚಿದಳು. ಚಹಾ ಕುಡಿದು ತಿರುಗಿ ಬಂದ ದೊಡ್ಡ ಸಾಹೇಬರು ಕಂಡದ್ದು ಇದು: ತಮ್ಮ ಎಂಜಿನಿಯರ್ ಟೈ ಕಟ್ಟಿಕೊಂಡು, ತಲೆ ಬಗ್ಗಿಸಿ, ಮಖಮಲ್ಲಿನಲ್ಲಿ ಉಡಿ ತುಂಬಿಸಿಕೊಳ್ಳುತ್ತಿದ್ದಾನೆ.

"ಪಾಷಾ! ಏನಿದು?"

ವಲಿ ಪಾಷಾ ಬೆಬ್ಬಳಿಸಿದ. "ಸಾರ್... ಪ್ರೇಕ್ಷಕರ ಪ್ರತಿಕ್ರಿಯೆ, ಸಾರ್."

ದೊಡ್ಡ ಸಾಹೇಬರು ಗವಸಿನೊಳಗೆ ಇಣುಕಿ ನೋಡಿದರು. ಅವರಿಗೂ ಉಡಿ ಒಯ್ದು ಮುಟ್ಟಿಸಬೇಕಾದ ಅಕ್ಕನೊಬ್ಬಳು ಇದ್ದಿರಬೇಕು. "ಇಲಾಖೆಗೆ ಬಂದದ್ದರಲ್ಲಿ ಇದೇ ಮೊದಲನೇ ಹೊಗಳಿಕೆ," ಎಂದು ಒಂದು ಉತ್ತತ್ತಿ ಎತ್ತಿಕೊಂಡು ಬಾಯಿಗೆ ಹಾಕಿಕೊಂಡರು.

"ಹಿಡಿ ಅಕ್ಕಿ ತಿರುಗಿ ಕೊಡು ತಮ್ಮಾ," ಅಂದಳು ಮಾನಮ್ಮ. ಕೊಟ್ಟ. ಅದನ್ನು ಸೆರಗಿನ ತುದಿಗೆ ಮೂರು ಗಂಟು ಹಾಕಿ ಕಟ್ಟಿಕೊಂಡು, ಉಳಿದದ್ದನ್ನು ಆಕೆಗೆ ಮುಟ್ಟಿಸಬೇಕೆಂದು ಆಣೆ ಮಾಡಿಸಿ ಹೊರಟಳು. ಗೇಟಿನಲ್ಲಿ ಹಂಪಯ್ಯ ಕೇಳಿದ, "ಸಿಕ್ಕಳೇನವಾ?"

"ಆಕಿ ತಮ್ಮ ಸಿಕ್ಕ," ಅಂದಳು ಮಾನಮ್ಮ.

ಕುಬಸದ ದಿನ ಮೂಕಮ್ಮ ಎಲ್ಲರಿಗಿಂತ ಮುಂಚೆ ಬಂದಳು. ಉಡಿ ತುಂಬಲು ಅಲ್ಲ, ವಿಚಾರಣೆ ಮಾಡಲು. ಹೊಸ ಸೀರೆಯುಟ್ಟ ಗೋಪಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಣೆಯ ಮೇಲೆ ಕೂತಿದ್ದಳು. ಕೇರಿಯ ಹೆಂಗಸರು ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಮೂಕಮ್ಮ ಒಳಗೆ ಹೋದರೆ ಹೋಗುವುದು, ಇಲ್ಲದಿದ್ದರೆ ಇಲ್ಲ.

ಮಾನಮ್ಮ ಗಂಟು ಬಿಚ್ಚಿ ಹಿಡಿ ಅಕ್ಕಿ ತೋರಿಸಿದಳು. ನಡೆದದ್ದನ್ನು ನಡೆದಂತೆ ಹೇಳಿದಳು.

"ಗಂಡಸು ತುಂಬಿಸಿಕೊಂಡ ಉಡಿ ಉಡಿ ಆಗ್ತದೇನ?"

"ತಮ್ಮ ಬೇ. ತಮ್ಮ ಒಯ್ಯೂದಿಲ್ಲೇನು? ನಿನ್ನ ಉಡಿ ನಿನ್ನ ತಮ್ಮ ಸೈಕಲ್ ಮ್ಯಾಲ ತಂದಿದ್ದು ಮರತ್ಯಾ?"

ಮರೆಯುವಂತಿರಲಿಲ್ಲ. ದಾರಿಯಲ್ಲಿ ತಮ್ಮ ಅರ್ಧ ಕೊಬ್ಬರಿ ತಿಂದಿದ್ದ. "ಮತ್ತ ಶನಿವಾರ ತುಂಬಿದ್ಯಂತ?"

"ತುಂಬಿದೆ. ತುಂಬದಿದ್ದ ಶನಿವಾರದಿಂದ ಎಂಟು ವರ್ಷ ನಿನ್ನ ಕೋಳಿ ಸುದ್ದ ನನ್ನ ಬೈದಾವ. ತುಂಬಿದ ಶನಿವಾರ ಏನ್ ಮಾಡ್ತದೋ ನೋಡೂಣು."

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಮೂಕಮ್ಮ ನಗಲಿಲ್ಲ. ಅಕ್ಕಿಯಲ್ಲಿ ಬೆರಳಾಡಿಸಿ, ಒಂದು ಕಾಳು ಬಾಯಿಗೆ ಹಾಕಿ ನೋಡಿ, ಕಡೆಗೆ ದನಿ ತಗ್ಗಿಸಿ ಕೇಳಿದಳು. "ಬಣ್ಣದ ಟೀವಿ ಅಂತಲ್ಲ."

"ಹೂಂ."

"ಆ ಮನಿ ಹುಡುಗಿ ಸೀರಿ ಕಂಡಿರಬೇಕಲ್ಲ. ಯಾವ ಬಣ್ಣ?"

ಎಲ್ಲರ ಕಿವಿ ಇತ್ತ ತಿರುಗಿತು. ಎಂಟು ವರ್ಷದ ಜಗಳ ತೀರುವ ಹೊತ್ತು. ಮಾನಮ್ಮನ ಕಣ್ಣೆದುರು ಹಣ್ಣು ಮೆಣಸಿನಕಾಯಿ ಬಣ್ಣ ಧಗಧಗನೆ ಉರಿಯಿತು. ಗೆದ್ದಿದ್ದಳು. ಬಾಯಿ ತೆರೆದರೆ ಸಾಕಿತ್ತು. ಮಣೆಯ ಮೇಲೆ ಗೋಪಮ್ಮ ಕೂತಿದ್ದಳು, ಬರಿ ಸೆರಗನ್ನು ಎರಡೂ ಕೈಯಲ್ಲಿ ಚಾಚಿ.

"ಹಸರು," ಅಂದಳು ಮಾನಮ್ಮ. "ಅಚ್ಚ ಹಸರು ಬೇ. ನೀ ಅಂದಂಗ."

ಮೂಕಮ್ಮನ ಮುಖ ಅರಳಿದ್ದನ್ನು ಕೇರಿ ಅಲ್ಲಿಯವರೆಗೆ ಕಂಡಿರಲಿಲ್ಲ. "ನಾ ಹೇಳಿದ್ದೆನಿಲ್ಲೋ? ಆ ಕಳೀ ಹಸರಿನದು!" ಎಂದು ಬಾಗಿಲಲ್ಲಿದ್ದವರನ್ನೆಲ್ಲ ಸಾಕ್ಷಿಗೆ ಕರೆದು, ಒಳಗೆ ಬಂದು, ಮಾನಮ್ಮನ ಅಂಗೈಯಲ್ಲಿದ್ದ ರಾಯಚೂರಿನ ಹಿಡಿ ಅಕ್ಕಿಯನ್ನೇ ಎತ್ತಿಕೊಂಡು ಗೋಪಮ್ಮನ ಉಡಿಗೆ ಮೊದಲು ಹಾಕಿದಳು. ಹಿಂದಿನಿಂದ ತಟ್ಟೆಗಳೆಲ್ಲ ಒಳಗೆ ನುಗ್ಗಿದವು.

ಗೋಪಮ್ಮನ ಉಡಿ ತುಂಬಿ ಚೆಲ್ಲುತ್ತಿತ್ತು. ಮಾನಮ್ಮ ಕೆಳಗೆ ಬಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸುತ್ತ, ಅಡುಗೆ ಮನೆಯ ಬಾಗಿಲಲ್ಲಿ ನಿಂತ ತಾಯಣ್ಣನ ಕಡೆ ನೋಡಿ, ಬಾಯಿ ಬಿಡದೆ ತುಟಿಯಲ್ಲೇ ಹೇಳಿದಳು: ಕೆಂಪು.